ಪೊಟ್ಯಾಸಿಯಂ ಕರೆಂಟ್ ಕೈಕೊಟ್ಟಾಗ: ಪ್ಯಾಚ್ ಕ್ಲಾಂಪ್ ಮೇಜಿಗೊಂದು ದೋಷ ನಿವಾರಣೆ ಕೈಪಿಡಿ

ಗಾಜಿನ ಸೂಕ್ಷ್ಮ ಪಿಪೆಟನ್ನು ಕೋಶದ ಪೊರೆಗೆ ಅಂಟಿಸಿ ಪೊರೆಯ ಮೂಲಕ ಹರಿಯುವ ಕರೆಂಟ್ ಅಳೆಯುವ ವಿಧಾನವೇ ಪ್ಯಾಚ್ ಕ್ಲಾಂಪ್. ಹೆಕ್ 293 ಕೋಶಗಳಲ್ಲೋ (ಲ್ಯಾಬ್‌ನಲ್ಲಿ ಬೆಳೆಸುವ ಮಾನವ ಕೋಶಗಳು) ನರಕೋಶಗಳಲ್ಲೋ ಕೆವಿ ಚಾನಲ್‌ಗಳ, ಅಂದರೆ ವೋಲ್ಟೇಜಿಗೆ ತೆರೆದು ಪೊಟ್ಯಾಸಿಯಂ ಹಾಯಿಸುವ ಪೊರೆಯ ಪ್ರೋಟೀನ್‌ಗಳ, ಕರೆಂಟ್ ಅಳೆಯಲು ಕೂತವರಿಗೆ, ಅದರಲ್ಲೂ ಈಗಷ್ಟೇ ರಿಗ್‌ಗೆ (ಅಳತೆಯ ಉಪಕರಣಕ್ಕೆ) ಕೈ ಹಚ್ಚಿದ ವಿದ್ಯಾರ್ಥಿಗಳಿಗೆ, ಈ ಬರಹ. ಟ್ರೇಸ್ (ಪರದೆಯ ಮೇಲೆ ಮೂಡುವ ಕರೆಂಟ್‌ನ ಗೆರೆ) ನಿರೀಕ್ಷಿಸಿದಂತೆ ಬರದಿದ್ದಾಗ ಎಲ್ಲಿಂದ ಹುಡುಕಲು ಶುರು ಮಾಡಬೇಕು, ಯಾವ ಲಕ್ಷಣ ಯಾವ ತೊಂದರೆಯ ಕಡೆ ಕೈ ತೋರಿಸುತ್ತದೆ ಎಂಬುದನ್ನು ಖರ್ಚಿಲ್ಲದ ತಪಾಸಣೆಯಿಂದ ಹಿಡಿದು ವಾರಗಟ್ಟಲೆ ಹಿಡಿಯುವ ತಪಾಸಣೆಯವರೆಗೆ ಬರೆದಿದ್ದೇನೆ.

ಪೊರೆಯ ವೋಲ್ಟೇಜ್ ಬದಲಾದರೆ ಚಾನಲ್ ತೆರೆಯುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಹಾಜ್ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್‌ನ ದಪ್ಪ ನರತಂತುವಿನಲ್ಲಿ ತೋರಿಸಿದ್ದು ಅದನ್ನೇ. ಆದರೆ ವೋಲ್ಟೇಜ್ ಅರ್ಧ ಕಥೆ ಮಾತ್ರ. ಮನುಷ್ಯರಲ್ಲಿ ಸುಮಾರು 40 ಜೀನ್‌ಗಳು ಕೆವಿ ಚಾನಲ್‌ಗಳ ಮುಖ್ಯ ಭಾಗವನ್ನು ರೂಪಿಸುತ್ತವೆ. ಹಾಗೆ ರೂಪುಗೊಂಡ ನಾಲ್ಕು ಭಾಗಗಳು ಕೂಡಿ ಒಂದು ಚಾನಲ್ ಆಗುತ್ತದೆ. ಅದಕ್ಕೆ ಅಂಟಿಕೊಂಡು ಸಹಾಯಕ ಪ್ರೋಟೀನ್‌ಗಳಿರುತ್ತವೆ, ಪೊರೆಯ ಒಳಪದರದಲ್ಲಿ ಪಿಪ್2 ಎಂಬ ಲಿಪಿಡ್ ಇರುತ್ತದೆ, ಕೈನೇಸ್ ಎಂಬ ಕಿಣ್ವಗಳು ಅಂಟಿಸಿದ ಫಾಸ್ಫೇಟ್‌ಗಳಿರುತ್ತವೆ, ಕೋಶರಸದ ಆಕ್ಸಿಡೀಕರಣದ ಸ್ಥಿತಿ ಇರುತ್ತದೆ. ಎಷ್ಟು ಕರೆಂಟ್, ಯಾವ ವೋಲ್ಟೇಜಿಗೆ, ಎಷ್ಟು ಹೊತ್ತು ಎಂಬುದನ್ನೆಲ್ಲ ಇವು ಸೇರಿ ತೀರ್ಮಾನಿಸುತ್ತವೆ. ಪಿಪೆಟ್ ಇಟ್ಟು ಪೊರೆ ಒಡೆದು ಹೋಲ್-ಸೆಲ್‌ಗೆ ಹೋದ ಕೆಲವೇ ನಿಮಿಷಗಳಲ್ಲಿ ಕೋಶದ ಸಣ್ಣ ಅಣುಗಳೆಲ್ಲ ಪಿಪೆಟ್‌ಗೆ ಹರಿದುಹೋಗಿ, ನಿಮ್ಮ ಬಾಟಲಿಯಲ್ಲಿದ್ದದ್ದೇ ಕೋಶರಸವಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆಯನ್ನು ಈ ಮೇಜಿನ ಮುಂದೆ ತಿರುಗಿಸಿ ಓದಬೇಕು: ಚಾನಲ್ ಕುಣಿಯದಿದ್ದರೆ ಮೊದಲು ನೆಲವನ್ನೇ ನೋಡಿ. "ಮ್ಯುಟೇಶನ್‌ನಿಂದ ಹೀಗಾಯಿತು" ಎಂದು ನೋಟ್‌ಬುಕ್‌ನಲ್ಲಿ ಬರೆಯುವುದು ಕಟ್ಟಕಡೆಯ ಹೆಜ್ಜೆ.

ಕೋಶ ಮುಟ್ಟುವ ಮುನ್ನ

ಪಿಪೆಟ್ ದ್ರಾವಣದ ಬಾಟಲಿಯ ಲೇಬಲ್ ಓದಿ. ಅದೇ ಫ್ರಿಜ್‌ನಲ್ಲಿ ಕ್ಯಾಲ್ಸಿಯಂ ಚಾನಲ್ ಅಳೆಯುವವರ ಸೀಸಿಯಂ ದ್ರಾವಣವೂ ಇರುತ್ತದೆ. ಒಳಗಿನಿಂದ ಸೀಸಿಯಂ ಕೊಟ್ಟರೆ ಹೆಚ್ಚಿನ ಕೆವಿ ಚಾನಲ್‌ಗಳ ಹೊರಹರಿವು ನಿಂತುಹೋಗುತ್ತದೆ. ಹೃದಯದಲ್ಲಿರುವ ಹರ್ಗ್ ಎಂಬ ಕೆವಿ ಚಾನಲ್ ಮಾತ್ರ ಸೀಸಿಯಂ ಅನ್ನೂ ಹಾಯಿಸುತ್ತದೆ. ಹಾಗಾಗಿ ಹರ್ಗ್ ಅಳೆಯುವವರು ಕರೆಂಟ್ ಕಂಡಿತೆಂದ ಮಾತ್ರಕ್ಕೆ ದ್ರಾವಣ ಸರಿಯಿದೆ ಎಂದು ನಂಬಬಾರದು.

ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಹಾಕಿದ ಮೇಲೆ ಪಿಹೆಚ್ ಇನ್ನೊಮ್ಮೆ ನೋಡಿದ್ದೀರಾ? ಎಟಿಪಿ ದ್ರಾವಣವನ್ನು ಆಮ್ಲೀಯ ಮಾಡುತ್ತದೆ. ಅದನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಿಂದ 7.2ಕ್ಕೆ ತರಬೇಕು, ಸಣ್ಣ ಸಣ್ಣ ಭಾಗ ಮಾಡಿ ಫ್ರೀಜ್ ಮಾಡಬೇಕು, ಬಳಸುವಾಗ ಮಂಜುಗಡ್ಡೆಯ ಮೇಲಿಡಬೇಕು. ಬೆಳಿಗ್ಗೆ ಹೊರಗೆ ತೆಗೆದದ್ದನ್ನು ಸಂಜೆಯವರೆಗೆ ಮೇಜಿನ ಮೇಲಿಟ್ಟು ಬಳಸಿದರೆ ಮುಂದೆ ಹೇಳುವ ಅರ್ಧದಷ್ಟು ತೊಂದರೆಗಳನ್ನು ಕೈಯಾರೆ ಕರೆದುಕೊಂಡಂತೆ.

ರಿವರ್ಸಲ್ ವೋಲ್ಟೇಜ್ (ಕರೆಂಟ್ ದಿಕ್ಕು ಬದಲಿಸುವ ವೋಲ್ಟೇಜ್) ಲೆಕ್ಕ ಹಾಕಿ. ಒಳಗೆ 140, ಹೊರಗೆ 5 ಮಿಲಿಮೋಲಾರ್ ಪೊಟ್ಯಾಸಿಯಂ ಇದ್ದರೆ ಕೋಣೆಯ ಉಷ್ಣತೆಯಲ್ಲಿ ಅದು ಮೈನಸ್ 85 ಮಿಲಿವೋಲ್ಟ್ ಆಸುಪಾಸು. ನಿಮ್ಮ ಟೇಲ್ ಕರೆಂಟ್ (ವೋಲ್ಟೇಜ್ ಪಲ್ಸ್ ಮುಗಿದ ಮೇಲೆ ಉಳಿಯುವ ಕರೆಂಟ್) ಮೈನಸ್ 50ರಲ್ಲಿ ತಿರುಗುತ್ತಿದ್ದರೆ ದ್ರಾವಣ ತಪ್ಪಿದೆ, ಇಲ್ಲವೇ ಲೀಕ್ (ಪಿಪೆಟ್ ಬಿಗಿಯಾಗಿ ಅಂಟದೆ ಸೋರುವ ಕರೆಂಟ್) ಬೆರೆತಿದೆ. ಆಮೇಲೆ ಕೋಶದ ಬದಲು ಮಾಡೆಲ್ ಸೆಲ್ (ಕೋಶವನ್ನು ಅನುಕರಿಸುವ ಸರ್ಕ್ಯೂಟ್) ಸಿಕ್ಕಿಸಿ. ಅದರಲ್ಲೂ ಅಂಕಿ ತಪ್ಪು ಬಂದರೆ ಜೀವಶಾಸ್ತ್ರದ ಕಡೆ ನೋಡುವ ಅಗತ್ಯವೇ ಇಲ್ಲ, ತೊಂದರೆ ಉಪಕರಣದಲ್ಲಿದೆ. ಕಡೆಯದಾಗಿ, ಬಾತ್‌ನ (ಕೋಶ ಮುಳುಗಿರುವ ದ್ರಾವಣದ) ಉಷ್ಣತೆ ಬರೆದುಕೊಳ್ಳಿ. ಬೆಂಗಳೂರಿನಲ್ಲಿ ಜನವರಿಯ ಬೆಳಿಗ್ಗೆಗೂ ಏಪ್ರಿಲ್‌ನ ಮಧ್ಯಾಹ್ನಕ್ಕೂ ಎಸಿ ಇಲ್ಲದ ಕೋಣೆಯಲ್ಲಿ ಸಾಕಷ್ಟು ವ್ಯತ್ಯಾಸ ಇರುತ್ತದೆ, ಚಾನಲ್ ತೆರೆಯುವ ವೇಗ ಅದನ್ನು ಗುರುತಿಸದೆ ಬಿಡುವುದಿಲ್ಲ.

ಲಕ್ಷಣ: ಸೀಲ್ (ಪಿಪೆಟ್ ಮತ್ತು ಪೊರೆಯ ಬೆಸುಗೆ) ಚೆನ್ನಾಗಿದೆ, ಕರೆಂಟೇ ಇಲ್ಲ

ಮೊದಲು ಹೋಲ್ಡಿಂಗ್ ವೋಲ್ಟೇಜ್ (ಪಲ್ಸ್‌ಗಳ ನಡುವೆ ಕೋಶವನ್ನು ಹಿಡಿದಿಡುವ ವೋಲ್ಟೇಜ್) ನೋಡಿ. ಕೆವಿ4.2, ಕೆವಿ4.3 ಜಾತಿಯ ಚಾನಲ್‌ಗಳು ಮೈನಸ್ 60ರಲ್ಲಿ ಬಹುಪಾಲು ನಿಷ್ಕ್ರಿಯವಾಗಿಯೇ ಕೂತಿರುತ್ತವೆ. ಪಲ್ಸ್‌ಗೆ ಮುಂಚೆ ಅರ್ಧ ಸೆಕೆಂಡ್ ಮೈನಸ್ 110ಕ್ಕೆ ಇಳಿಸಿ. ಕರೆಂಟ್ ಧುತ್ತನೆ ಬಂದರೆ ಚಾನಲ್ ಅಲ್ಲೇ ಇತ್ತು, ನೀವು ಅದಕ್ಕೆ ಎಚ್ಚರಗೊಳ್ಳಲು ಸಮಯ ಕೊಟ್ಟಿರಲಿಲ್ಲ ಅಷ್ಟೇ.

ಹಸಿರು ಹೊಳೆಯುವ ಕೋಶವನ್ನೇ ಆರಿಸಿದ್ದೇನೆ ಎಂಬುದು ಸಾಕ್ಷಿಯಲ್ಲ. ಜೊತೆಗೆ ಹಾಕಿದ ಜಿಎಫ್‌ಪಿ ಕೋಶದೊಳಗೆ ಹೋಗಿದೆ ಎಂದಷ್ಟೇ ಅದು ಹೇಳುತ್ತದೆ. ಇದಕ್ಕೆ ಉಲ್ಟಾ ತೊಂದರೆಯೂ ಉಂಟು. ಕೆಲವು ನೂರು ಪಿಕೋಆಂಪಿಯರ್‌ನ ಹೊರಹರಿವು ಕಂಡು ಖುಷಿಪಡುತ್ತೀರಿ, ಆದರೆ ಅದು ಹೆಕ್ ಕೋಶದ ಸ್ವಂತ ಪೊಟ್ಯಾಸಿಯಂ ಕರೆಂಟ್. ಟ್ರಾನ್ಸ್‌ಫೆಕ್ಟ್ ಮಾಡದ (ಹೊರಗಿನಿಂದ ಜೀನ್ ಹಾಕದ) ನಾಲ್ಕಾರು ಕೋಶಗಳನ್ನು ಅದೇ ದಿನ, ಅದೇ ದ್ರಾವಣದಲ್ಲಿ ಅಳೆಯುವುದನ್ನು ಯಾರೂ ಬಿಡಬಾರದು.

ಇಷ್ಟಾದರೂ ಕರೆಂಟ್ ಇಲ್ಲವೆಂದರೆ, ಚಾನಲ್ ತಯಾರಾಗಿಯೂ ಪೊರೆಗೆ ಬಂದಿಲ್ಲ ಎಂಬ ಅನುಮಾನಕ್ಕೆ ಬರಬೇಕು. ಹರ್ಗ್‌ನಲ್ಲಿ ಇದು ತೀರಾ ಸಾಮಾನ್ಯ. ಹೃದಯದ ಲಾಂಗ್ ಕ್ಯೂಟಿ ತೊಂದರೆ ತರುವ ಹರ್ಗ್ ಮ್ಯುಟೇಶನ್‌ಗಳಲ್ಲಿ ಬಹಳಷ್ಟು ಚಾನಲ್ಲನ್ನು ಕೆಡಿಸುವುದಿಲ್ಲ, ಅದು ಸರಿಯಾಗಿ ಮಡಚಿಕೊಳ್ಳದೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂನಲ್ಲೇ ಉಳಿಯುವಂತೆ ಮಾಡುತ್ತವೆ. ಅಗ್ಗದ ಪರೀಕ್ಷೆ: ಕೋಶಗಳನ್ನು ಒಂದು ರಾತ್ರಿ 37ರ ಬದಲು 27 ಡಿಗ್ರಿಯಲ್ಲಿಡಿ. ಮಾರನೆಯ ದಿನ ಕರೆಂಟ್ ಕಂಡರೆ ತೊಂದರೆ ಸಾಗಣೆಯದು. ಎನ್470ಡಿ ಎಂಬ ಮ್ಯುಟೇಶನ್ ಹೀಗೆಯೇ ತಣ್ಣಗಿನ ಇನ್‌ಕ್ಯುಬೇಟರ್‌ನಲ್ಲಿ ಚೇತರಿಸಿಕೊಳ್ಳುತ್ತದೆ. ಇ-4031 ಎಂಬ ಔಷಧವೂ ಅದನ್ನು ಪೊರೆಗೆ ತರುತ್ತದೆ, ಆದರೆ ಅದೇ ಔಷಧ ಹರ್ಗ್ ಅನ್ನು ಮುಚ್ಚುವುದೂ ಹೌದು. ಚೆನ್ನಾಗಿ ತೊಳೆಯದೆ ಅಳೆದರೆ ಮತ್ತೆ ಸೊನ್ನೆಯೇ ಬರುತ್ತದೆ. ದುಬಾರಿ ಪರೀಕ್ಷೆ ವೆಸ್ಟರ್ನ್ ಬ್ಲಾಟ್, ಅಂದರೆ ಪ್ರೋಟೀನ್‌ಗಳನ್ನು ಗಾತ್ರದ ಮೇಲೆ ಬೇರ್ಪಡಿಸಿ ನೋಡುವುದು. ಸಕ್ಕರೆ ಸರಪಳಿ ಪೂರ್ತಿಗೊಂಡ ಪ್ರೌಢ ಹರ್ಗ್ ಸುಮಾರು 155 ಕಿಲೋಡಾಲ್ಟನ್‌ನಲ್ಲಿ, ಒಳಗೇ ಸಿಕ್ಕಿಬಿದ್ದದ್ದು 135ರಲ್ಲಿ ಕಾಣುತ್ತದೆ. ಕೆಳಗಿನ ಗೆರೆ ಮಾತ್ರ ಕಂಡರೆ ಉತ್ತರ ಸಿಕ್ಕಂತೆ.

ಕೆವಿ4 ಚಾನಲ್‌ಗಳ ವಿಷಯ ಬೇರೆ. ಅವುಗಳಿಗೆ ಕೆಚಿಪ್ ಎಂಬ ಸಂಗಾತಿ ಪ್ರೋಟೀನ್ ಬೇಕು. ಕೆವಿ4ರ ಜೀನ್ ಒಂದನ್ನೇ ಹಾಕಿದರೆ ಬಹಳಷ್ಟು ಚಾನಲ್ ಒಳಗೇ ಉಳಿಯುತ್ತದೆ, ಕೆಚಿಪ್ ಜೊತೆಗಿದ್ದರೆ ಮೇಲೆ ಬರುತ್ತದೆ. ಕರೆಂಟ್ ಕಡಿಮೆ ಬಂದಾಗ ಪ್ಲಾಸ್ಮಿಡ್ (ಜೀನ್ ಹೊತ್ತ ಡಿಎನ್‌ಎ ಉಂಗುರ) ಹೆಚ್ಚಿಸುವ ಬದಲು ಸಂಗಾತಿಯನ್ನು ಸೇರಿಸಿ ನೋಡಿ.

ಲಕ್ಷಣ: ಕರೆಂಟ್ ಬಂತು, ಆದರೆ ಕರಗುತ್ತಾ ಹೋಗುತ್ತಿದೆ

ಈ ಲಕ್ಷಣಕ್ಕೆ ಮೂರು ಬೇರೆ ಬೇರೆ ಕಾರಣಗಳಿವೆ. ಅವನ್ನು ಬೇರ್ಪಡಿಸಲು ಬೇಕಾದ್ದು ತಾಳ್ಮೆ ಮಾತ್ರ, ದುಡ್ಡಲ್ಲ.

ಪಲ್ಸ್ ಕೊಡುವುದನ್ನು ಎರಡು ಮೂರು ನಿಮಿಷ ನಿಲ್ಲಿಸಿ, ಮತ್ತೆ ಒಂದೇ ಪಲ್ಸ್ ಕೊಡಿ. ಕರೆಂಟ್ ಮೊದಲಿನಷ್ಟೇ ಬಂದರೆ ಏನೂ ಕಳೆದಿಲ್ಲ. ಹಿಂದಿನ ಪಲ್ಸ್‌ನಿಂದ ಚೇತರಿಸಿಕೊಳ್ಳುವ ಮೊದಲೇ ಮುಂದಿನದನ್ನು ಕೊಟ್ಟಿದ್ದೀರಿ. ಟಿ ಕೋಶಗಳ ಕೆವಿ1.3 ಇದಕ್ಕೆ ಹೆಸರುವಾಸಿ. ಸೆಕೆಂಡಿಗೊಂದು ಪಲ್ಸ್ ಕೊಟ್ಟರೆ ಪ್ರತಿ ಸಲವೂ ಕುಗ್ಗುತ್ತಾ ಬರುತ್ತದೆ. ಅದಕ್ಕೆ 30 ಸೆಕೆಂಡಿಗೊಂದು ಪಲ್ಸ್ ಕೊಡಿ.

ವಿಶ್ರಾಂತಿ ಕೊಟ್ಟರೂ ಮರಳದಿದ್ದರೆ ಸೀರೀಸ್ ರೆಸಿಸ್ಟೆನ್ಸ್ (ಪಿಪೆಟ್‌ನಿಂದ ಕೋಶದೊಳಕ್ಕೆ ಹೋಗುವ ದಾರಿಯ ತಡೆ) ನೋಡಿ. ಪೊರೆಯ ಚೂರು ಪಿಪೆಟ್ ಬಾಯಿಗೆ ಅಂಟಿ 5 ಮೆಗಾಓಮ್ ಇದ್ದದ್ದು 15ಕ್ಕೆ ಏರಿದ್ದರೆ ಕರಗುತ್ತಿರುವುದು ಚಾನಲ್ ಅಲ್ಲ, ನಿಮ್ಮ ವೋಲ್ಟೇಜ್ ಹಿಡಿತ. ಸಣ್ಣಗೆ ಹೀರಿ ಬಾಯಿ ತೆರೆಯಿರಿ. ಆಗದಿದ್ದರೆ ಆ ಕೋಶ ಬಿಡಿ.

ರೆಸಿಸ್ಟೆನ್ಸ್ ಸ್ಥಿರವಾಗಿದೆ, ಲೀಕ್ ಏರಿಲ್ಲ, ಆದರೂ ಹತ್ತು ನಿಮಿಷದಲ್ಲಿ ಕರೆಂಟ್ ಅರ್ಧವಾಗಿದೆ. ಈಗ ನಿಜವಾದ ನಿಯಂತ್ರಣದ ಪ್ರಶ್ನೆಗೆ ಬಂದಿರಿ. ಕೆಸಿಎನ್‌ಕ್ಯೂ ಕುಟುಂಬದ ಚಾನಲ್‌ಗಳಲ್ಲಿ, ಅಂದರೆ ನರಕೋಶಗಳ ಎಂ-ಕರೆಂಟ್ ಹೊರುವ ಕೆಸಿಎನ್‌ಕ್ಯೂ2 ಮತ್ತು 3ರಲ್ಲಿ, ಇದು ಎದ್ದು ಕಾಣುತ್ತದೆ. ಈ ಚಾನಲ್‌ಗಳು ತೆರೆಯಲು ವೋಲ್ಟೇಜ್ ಒಂದೇ ಸಾಲದು, ಪಿಪ್2 ಲಿಪಿಡ್ ಅವುಗಳನ್ನು ಹಿಡಿದಿರಬೇಕು. ಬ್ರೌನ್ ಮತ್ತು ಆಡಮ್ಸ್ 1980ರಲ್ಲಿ ಬುಲ್‌ಫ್ರಾಗ್ ಕಪ್ಪೆಯ ನರಕೋಶದಲ್ಲಿ ಎಂ-ಕರೆಂಟ್ ಗುರುತಿಸಿದಾಗ, ಮಸ್ಕರಿನಿಕ್ ಗ್ರಾಹಿಗೆ ಸಂಕೇತ ಬಂದರೆ ಅದು ಅಡಗುತ್ತದೆ ಎಂದು ಕಂಡಿತ್ತು. ಆ ಹೆಸರೇ ಅಲ್ಲಿಂದ ಬಂದದ್ದು. ಹೇಗೆ ಅಡಗುತ್ತದೆ ಎಂಬುದು ಗೊತ್ತಾಗಲು ಎರಡು ದಶಕಕ್ಕೂ ಹೆಚ್ಚು ಹಿಡಿಯಿತು: ಗ್ರಾಹಿ ಎಚ್ಚರಿಸಿದ ಫಾಸ್ಫೋಲೈಪೇಸ್ ಸಿ ಎಂಬ ಕಿಣ್ವ ಪಿಪ್2ವನ್ನು ಕತ್ತರಿಸಿಬಿಡುತ್ತದೆ, ಹಿಡಿದ ಕೈ ಬಿಟ್ಟು ಚಾನಲ್ ಮುಚ್ಚುತ್ತದೆ. ಕೋಶ ಮತ್ತೆ ಪಿಪ್2 ತಯಾರಿಸಲು ಲಿಪಿಡ್ ಕೈನೇಸ್‌ಗಳು ಬೇಕು, ಅವುಗಳಿಗೆ ಎಟಿಪಿ ಬೇಕು. ನಿಮ್ಮ ಪಿಪೆಟ್‌ನಲ್ಲಿ ಎಟಿಪಿ ಇಲ್ಲದಿದ್ದರೆ ಯಾವ ಗ್ರಾಹಿಯನ್ನೂ ಮುಟ್ಟದೆಯೇ ಪಿಪ್2 ಸೋರುತ್ತಾ ಹೋಗುತ್ತದೆ.

ಆದ್ದರಿಂದ ಮೊದಲ ಚಿಕಿತ್ಸೆ, ತಾಜಾ ಮೆಗ್ನೀಸಿಯಂ ಎಟಿಪಿ, 3ರಿಂದ 5 ಮಿಲಿಮೋಲಾರ್. ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಲು ಒಂದು ಚಂದದ ಪರೀಕ್ಷೆ ಇದೆ. ಕೋಶಕ್ಕೆ ಎಂ1 ಎಂಬ ಮಸ್ಕರಿನಿಕ್ ಗ್ರಾಹಿಯನ್ನೂ ಹಾಕಿ, ಅದನ್ನು ಎಚ್ಚರಿಸುವ ಆಕ್ಸೋಟ್ರೆಮೊರಿನ್-ಎಂ ಅನ್ನು ಕೆಲವು ಸೆಕೆಂಡ್ ಹರಿಸಿ. ಕರೆಂಟ್ ಬೇಗನೆ ಕುಸಿಯಬೇಕು. ತೊಳೆದ ಮೇಲೆ ಕೆಲವು ನಿಮಿಷಗಳಲ್ಲಿ ಏರಿಬರಬೇಕು. ಕುಸಿದದ್ದು ಏಳದಿದ್ದರೆ ನಿಮ್ಮ ಎಟಿಪಿ ಸತ್ತಿದೆ, ಅಥವಾ ಬಾತ್‌ನಲ್ಲಿ ಕೈನೇಸ್ ತಡೆಯುವ ಏನೋ ಇದೆ. ವೋರ್ಟ್‌ಮನ್ನಿನ್ ಬಳಸುವವರು ಇಲ್ಲಿ ಜಾಗ್ರತೆ ವಹಿಸಬೇಕು: ನ್ಯಾನೋಮೋಲಾರ್ ಪ್ರಮಾಣದಲ್ಲಿ ಅದು ಪಿಐ3 ಕೈನೇಸ್ ತಡೆಯುತ್ತದೆ, ಮೈಕ್ರೋಮೋಲಾರ್‌ಗೆ ಏರಿಸಿದರೆ ಪಿಪ್2 ತಯಾರಿಗೆ ಬೇಕಾದ ಪಿಐ4 ಕೈನೇಸ್ ಕೂಡ ನಿಲ್ಲುತ್ತದೆ. ಇವೆಲ್ಲ ಸರಿಯಿದ್ದೂ ಕರಗುತ್ತಿದ್ದರೆ ಆಂಫೊಟೆರಿಸಿನ್ ಬಿ ಬಳಸಿ ಪರ್ಫೊರೇಟೆಡ್ ಪ್ಯಾಚ್‌ಗೆ (ಪೊರೆ ಒಡೆಯದೆ ಅದರಲ್ಲಿ ಸಣ್ಣ ರಂಧ್ರಗಳನ್ನಷ್ಟೇ ಮಾಡುವ ವಿಧಾನಕ್ಕೆ) ಹೋಗಿ. ಸೀಲ್ ಆದ ಮೇಲೆ ತುಸು ಹೊತ್ತು ಕಾಯಬೇಕಾಗುತ್ತದೆ, ಆದರೆ ಕೋಶರಸ ತನ್ನ ಜಾಗದಲ್ಲೇ ಉಳಿಯುತ್ತದೆ. ಹೋಲ್-ಸೆಲ್‌ನಲ್ಲಿ ಕರಗಿ, ಪರ್ಫೊರೇಟೆಡ್‌ನಲ್ಲಿ ನಿಂತರೆ, ತೊಳೆದುಹೋಗುವ ಯಾವುದೋ ಅಣು ಆ ಚಾನಲ್ಲನ್ನು ನಿಯಂತ್ರಿಸುತ್ತಿದೆ ಎಂದು ಧೈರ್ಯವಾಗಿ ಬರೆಯಬಹುದು. ದೋಷ ಹುಡುಕಲು ಹೊರಟವರಿಗೆ ಇಲ್ಲೇ ಒಂದು ಹೊಸ ಪ್ರಬಂಧದ ವಿಷಯ ಸಿಕ್ಕರೂ ಸಿಗಬಹುದು.

ಲಕ್ಷಣ: ಬೇಗ ಇಳಿಯಬೇಕಾದ ಕರೆಂಟ್ ಇಳಿಯುತ್ತಲೇ ಇಲ್ಲ

ಎ-ಮಾದರಿಯ ಚಾನಲ್ ಚೂಪಾಗಿ ಏರಿ, ಕೆಲವು ಹತ್ತು ಮಿಲಿಸೆಕೆಂಡ್‌ಗಳಲ್ಲಿ ಇಳಿಯಬೇಕು. ಕೆವಿ1.4, ಕೆವಿ3.4ರಲ್ಲಿ ಇಳಿಸುವುದು ಪ್ರೋಟೀನ್‌ನ ಮೊದಲ ತುದಿ. ಕೋಶದ ಒಳಗಿನಿಂದ ಅದು ಬಂದು ರಂಧ್ರಕ್ಕೆ ಸಿಕ್ಕಿಕೊಳ್ಳುತ್ತದೆ, ಚೆಂಡು-ಸರಪಳಿ ಎಂದು ಕರೆಯುವುದು ಇದನ್ನೇ. 1990ರಲ್ಲಿ ಆಲ್ಡ್ರಿಚ್ ಅವರ ಗುಂಪು ನೊಣದ ಶೇಕರ್ ಚಾನಲ್‌ನಲ್ಲಿ ಆ ತುದಿ ಕತ್ತರಿಸಿದರೆ ಕರೆಂಟ್ ಇಳಿಯುವುದಿಲ್ಲ, ತುದಿಯ ಪೆಪ್ಟೈಡನ್ನು ಬಿಡಿಯಾಗಿ ಕೊಟ್ಟರೆ ಮತ್ತೆ ಇಳಿಯುತ್ತದೆ ಎಂದು ತೋರಿಸಿತು.

ಪ್ಲಾಸ್ಮಿಡ್ ನಕ್ಷೆ ತೆರೆದು ನೋಡಿ. ಜಿಎಫ್‌ಪಿಯನ್ನು ಮೊದಲ ತುದಿಗೇ ಅಂಟಿಸಿದ್ದರೆ ಚೆಂಡು ರಂಧ್ರ ಮುಟ್ಟಲಾರದು. ಟ್ಯಾಗ್ ಅನ್ನು ಇನ್ನೊಂದು ತುದಿಗೆ ಹಾಕಿಸಿ.

ನಕ್ಷೆ ಸರಿಯಿದ್ದು, ಹೋಲ್-ಸೆಲ್‌ನಲ್ಲಿ ಚೆನ್ನಾಗಿ ಇಳಿಯುತ್ತಿದ್ದ ಕರೆಂಟ್ ಪ್ಯಾಚನ್ನು ಕಿತ್ತು ಇನ್‌ಸೈಡ್-ಔಟ್ (ಪೊರೆಯ ಒಳಬದಿ ಬಾತ್ ಕಡೆಗೆ) ಮಾಡಿದ ಮೇಲೆ ಇಳಿಯುವುದನ್ನು ಬಿಟ್ಟರೆ ಅದು ಆಕ್ಸಿಡೀಕರಣ. ಚೆಂಡಿನಲ್ಲಿರುವ ಒಂದು ಸಿಸ್ಟೀನ್ ಕೋಶದೊಳಗೆ ಗ್ಲುಟಥಯೋನ್‌ನ ಆಸರೆಯಲ್ಲಿ ಇರುತ್ತದೆ. ಹೊರಗೆ ತೆರೆದಿಟ್ಟರೆ ಆಕ್ಸಿಡೀಕರಣಗೊಂಡು ಚೆಂಡು ಕೆಲಸ ಬಿಡುತ್ತದೆ. ಗ್ಲುಟಥಯೋನ್ ಅಥವಾ ಡಿಟಿಟಿ ಎಂಬ ಆಕ್ಸಿಡೀಕರಣ ಬಿಡಿಸುವ ರಾಸಾಯನಿಕ ಕೊಟ್ಟರೆ ಮರಳುತ್ತದೆ. 1991ರಿಂದಲೇ ಗೊತ್ತಿರುವ ಸಂಗತಿ ಇದು. ಆದರೂ ಪೊರೆಯ ಒಳಬದಿ ಮುಟ್ಟುವ ದ್ರಾವಣಕ್ಕೆ ಗ್ಲುಟಥಯೋನ್ ಹಾಕದೆ ದಿನಗಟ್ಟಲೆ ಒದ್ದಾಡುವವರಿದ್ದಾರೆ.

ಕೆವಿ3.4ರಲ್ಲಿ ಇನ್ನೊಂದು ದಾರಿಯಿದೆ: ಪ್ರೋಟೀನ್ ಕೈನೇಸ್ ಸಿ ಚೆಂಡಿಗೆ ಫಾಸ್ಫೇಟ್ ಅಂಟಿಸಿದರೂ ಕರೆಂಟ್ ಇಳಿಯುವುದು ನಿಲ್ಲುತ್ತದೆ. ಬಾತ್‌ನಲ್ಲಿ ಆ ಕೈನೇಸನ್ನು ಎಚ್ಚರಿಸುವ ಫೋರ್ಬಾಲ್ ಎಸ್ಟರ್ ಇದ್ದರೆ ಅನುಮಾನಿಸಿ.

ಇದಕ್ಕೆ ಉಲ್ಟಾ, ಇಳಿಯಬಾರದ ಕೆವಿ1.1 ಇಳಿಯುತ್ತಿದ್ದರೆ ಕೆವಿ-ಬೀಟಾ1 ಎಂಬ ಸಹಾಯಕ ಪ್ರೋಟೀನ್ ತನ್ನ ಚೆಂಡನ್ನು ಅದಕ್ಕೆ ಎರವಲು ಕೊಟ್ಟಿರುತ್ತದೆ. ನರಕೋಶದಲ್ಲಿ ಅಳೆಯುತ್ತಿದ್ದರೆ ಇದು ದೋಷವೇ ಅಲ್ಲ, ಅಲ್ಲಿನ ಸಹಜ ಸ್ಥಿತಿ.

ಸೆಕೆಂಡುಗಳ ಲೆಕ್ಕದಲ್ಲಿ ನಿಧಾನವಾಗಿ ಇಳಿಯುವುದು ಬೇರೆ ಜಾತಿ. ಅದು ರಂಧ್ರದ ಹೊರಬಾಯಿ ಕುಸಿಯುವ ಸಿ-ಮಾದರಿ. ಹೊರಗಿನ ಪೊಟ್ಯಾಸಿಯಂ ಹೆಚ್ಚಿಸಿದರೆ ಅದು ನಿಧಾನವಾಗುತ್ತದೆ, ಚೆಂಡಿನ ಇಳಿತ ಅಷ್ಟಾಗಿ ಬದಲಾಗುವುದಿಲ್ಲ. ಎರಡನ್ನೂ ಬೇರ್ಪಡಿಸಲು ಬಾತ್ ಬದಲಿಸಿದರೆ ಸಾಕು.

ಲಕ್ಷಣ: ತೆರೆಯುವ ವೋಲ್ಟೇಜ್ ಪಕ್ಕಕ್ಕೆ ಸರಿದಿದೆ

ಕರ್ವ್ (ಯಾವ ವೋಲ್ಟೇಜಿಗೆ ಎಷ್ಟು ಚಾನಲ್ ತೆರೆಯುತ್ತದೆ ಎಂಬ ಗ್ರಾಫ್) 20 ಮಿಲಿವೋಲ್ಟ್ ಸರಿದರೆ ಎಲ್ಲರಿಗೂ ದೊಡ್ಡ ಆವಿಷ್ಕಾರದ ಆಸೆ ಹುಟ್ಟುತ್ತದೆ. ಮೊದಲು ಗಣಿತ ಮಾಡಿ. 10 ನ್ಯಾನೋಆಂಪಿಯರ್ ಕರೆಂಟ್ 5 ಮೆಗಾಓಮ್ ಮೂಲಕ ಹರಿದರೆ 50 ಮಿಲಿವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ನೀವು ಪ್ಲಸ್ 40 ಕೊಟ್ಟಾಗ ಕೋಶ ಕಂಡದ್ದು ಮೈನಸ್ 10. ಆಂಪ್ಲಿಫೈಯರ್‌ನಲ್ಲಿ ಶೇಕಡ 80 ಕಾಂಪೆನ್ಸೇಶನ್ (ಈ ನಷ್ಟದ ಸರಿದೂಗಿಕೆ) ಹಾಕಿದರೂ 10 ಮಿಲಿವೋಲ್ಟ್ ಉಳಿಯುತ್ತದೆ. ಕಡಿಮೆ ಡಿಎನ್‌ಎ ಹಾಕಿ ಸಣ್ಣ ಕರೆಂಟ್‌ನ ಕೋಶ ಆರಿಸುವುದೇ ಒಳ್ಳೆಯ ಪರಿಹಾರ. ಗ್ಲುಕೊನೇಟ್ ದ್ರಾವಣ ಬಳಸಿದರೆ ಜಂಕ್ಷನ್ ಪೊಟೆನ್ಶಿಯಲ್ (ಎರಡು ದ್ರಾವಣ ಸೇರುವಲ್ಲಿ ಹುಟ್ಟುವ ವೋಲ್ಟೇಜ್) ಸುಮಾರು 15 ಮಿಲಿವೋಲ್ಟ್ ಇರುತ್ತದೆ, ಅದನ್ನು ಕಳೆಯಿರಿ.

ಆಮೇಲೆ ಬಾತ್ ನೋಡಿ. ಕ್ಯಾಲ್ಸಿಯಂ ಕರೆಂಟ್ ತಡೆಯಲು ಹಾಕಿದ ಕ್ಯಾಡ್ಮಿಯಂ ಎ-ಮಾದರಿಯ ಕರ್ವನ್ನು ಬಲಕ್ಕೆ ತಳ್ಳುತ್ತದೆ. ಸತುವೂ ಹಾಗೆಯೇ. ಪಿಹೆಚ್ ಇಳಿದರೂ ಬಲಕ್ಕೆ ಸರಿಯುತ್ತದೆ.

ಇವೆಲ್ಲ ದಾಟಿದ ಮೇಲೆಯೂ ಕರ್ವ್ ಎಡಕ್ಕೇ ನಿಂತಿದ್ದರೆ, ಅದೂ ಕೆವಿ2.1ರಲ್ಲಿ, ಫಾಸ್ಫೇಟ್ ಕಡೆ ತಿರುಗಿ. ಈ ಚಾನಲ್‌ನ ಉದ್ದ ಬಾಲದಲ್ಲಿ ಬಹಳ ಜಾಗಗಳಲ್ಲಿ ಫಾಸ್ಫೇಟ್ ಅಂಟಿರುತ್ತದೆ. ಕೋಶದೊಳಗೆ ಕ್ಯಾಲ್ಸಿಯಂ ಏರಿದರೆ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಅವನ್ನು ಕಿತ್ತುಹಾಕುತ್ತದೆ. ಕರ್ವ್ 20 ಮಿಲಿವೋಲ್ಟ್ ಆಸುಪಾಸು ಎಡಕ್ಕೆ ಬರುತ್ತದೆ, ಪೊರೆಯ ಮೇಲೆ ಗುಂಪುಗುಂಪಾಗಿದ್ದ ಚಾನಲ್‌ಗಳು ಚದುರುತ್ತವೆ. ರಕ್ತ ಸಿಗದೆ ಒದ್ದಾಡುವ ಮೆದುಳಿನ ಕೋಶಗಳಲ್ಲಿ ಇದು ತಾನಾಗಿ ನಡೆಯುತ್ತದೆ. ಚಾನಲ್ ಸುಲಭವಾಗಿ ತೆರೆದು ಕೋಶದ ಉದ್ರೇಕವನ್ನು ತಗ್ಗಿಸುತ್ತದೆ. ನಿಮ್ಮ ಡಿಶ್‌ನಲ್ಲಿ ಅದು ನಡೆಯುತ್ತಿದ್ದರೆ ಕೋಶಗಳು ಕಷ್ಟದಲ್ಲಿವೆ ಎಂದರ್ಥ. ಪಿಪೆಟ್‌ನಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಇಜಿಟಿಎ ಸಾಕಷ್ಟಿದೆಯೇ ನೋಡಿ. ಎಫ್‌ಕೆ506 ಕೊಟ್ಟು ಕ್ಯಾಲ್ಸಿನ್ಯೂರಿನ್ ತಡೆದಾಗ ಸರಿಯುವುದು ನಿಂತರೆ ರೋಗ ಪತ್ತೆಯಾಯಿತು. ಪೊರೆ ಒಡೆದ ಎಷ್ಟನೆಯ ನಿಮಿಷಕ್ಕೆ ಕರ್ವ್ ತೆಗೆಯುತ್ತೀರಿ ಎಂಬುದನ್ನು ಎಲ್ಲ ಕೋಶಗಳಿಗೂ ಒಂದೇ ಇಟ್ಟುಕೊಳ್ಳಿ. ಎರಡನೆಯ ನಿಮಿಷದ ಕೋಶವನ್ನು ಹದಿನೈದನೆಯ ನಿಮಿಷದ ಕೋಶಕ್ಕೆ ಹೋಲಿಸಿದರೆ ಅಂಕಿಗಳಿಗೆ ಬೆಲೆಯಿಲ್ಲ.

ಲಕ್ಷಣ: ಟ್ರೇಸ್‌ನ ಆಕಾರವೇ ವಿಚಿತ್ರ

ಪಲ್ಸ್‌ನಲ್ಲಿ ಸಣ್ಣ ಕರೆಂಟ್, ವೋಲ್ಟೇಜ್ ಇಳಿಸಿದಾಗ ದೊಡ್ಡ ಟೇಲ್: ಹರ್ಗ್‌ಗೆ ಇದು ಸಹಜ. ತೆರೆಯುವುದಕ್ಕಿಂತ ಬೇಗ ಅದು ನಿಷ್ಕ್ರಿಯಗೊಳ್ಳುತ್ತದೆ. ಹೊರಗಿನ ಪೊಟ್ಯಾಸಿಯಂ ಹೆಚ್ಚಿಸಿದಾಗ ಹರ್ಗ್ ಕರೆಂಟ್ ಕಡಿಮೆಯಾಗದೆ ಏರಿದರೂ ಗಾಬರಿ ಬೇಡ. ಹೃದ್ರೋಗಿಗಳ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯದಂತೆ ವೈದ್ಯರು ಕಾಯುವುದರ ಹಿಂದೆ ಈ ಗುಣವೂ ಇದೆ.

ಕೆಸಿಎನ್‌ಕ್ಯೂ1 ಬೇಗ ತೆರೆದು, ಟೇಲ್‌ನಲ್ಲಿ ಕೊಕ್ಕೆಯಂತೆ ಬಾಗಿದರೆ ಕೆಸಿಎನ್‌ಇ1 ಎಂಬ ಸಂಗಾತಿ ಪ್ರೋಟೀನ್ ಅದರ ಜೊತೆ ಸೇರಿಲ್ಲ. ಸೇರಿದ್ದರೆ ಹಲವು ಸೆಕೆಂಡ್ ನಿಧಾನವಾಗಿ ಏರುತ್ತಲೇ ಇರುತ್ತದೆ. ಕಪ್ಪೆಯ ಮೊಟ್ಟೆಕೋಶದಲ್ಲಿ ಕೆಲಸ ಮಾಡುವವರು ನೆನಪಿಡಬೇಕಾದ್ದು: ಆ ಕೋಶಕ್ಕೆ ಸ್ವಂತ ಕೆಸಿಎನ್‌ಕ್ಯೂ1 ಇದೆ. 1988ರಲ್ಲಿ ಕೆಸಿಎನ್‌ಇ1 ಒಂದನ್ನೇ ಹಾಕಿದಾಗ ಕರೆಂಟ್ ಬಂದದ್ದರಿಂದ ಅಷ್ಟು ಪುಟ್ಟ ಪ್ರೋಟೀನೇ ಚಾನಲ್ ಎಂದು ನಂಬಲಾಗಿತ್ತು. ಅದು ಸಂಗಾತಿ ಮಾತ್ರ ಎಂದು ತಿಳಿದದ್ದು 1996ರಲ್ಲಿ.

ಜೀವಕ್ಕೆ ಸಂಬಂಧಿಸಿದ ಎಚ್ಚರಿಕೆಗಳು

ಕೆವಿ ಚಾನಲ್ ಮುಚ್ಚಲು ಬಳಸುವ 4-ಅಮಿನೋಪಿರಿಡಿನ್ ಸೆಳವು ತರಿಸುವ ವಿಷ. ಪುಡಿಯನ್ನು ಫ್ಯೂಮ್ ಹುಡ್‌ನಲ್ಲಿ, ಕೈಗವಸು ಹಾಕಿ ತೂಗಿ. ಅದು ದ್ರಾವಣವನ್ನು ಕ್ಷಾರೀಯ ಮಾಡುವುದರಿಂದ ಪಿಹೆಚ್ ಮತ್ತೆ ಸರಿಪಡಿಸಿ. ಟೆಟ್ರೊಡೊಟಾಕ್ಸಿನ್, ಡೆಂಡ್ರೊಟಾಕ್ಸಿನ್‌ಗಳನ್ನು ತೂಗಲೇಬೇಡಿ, ಬಂದ ಶೀಶೆಯಲ್ಲೇ ಕರಗಿಸಿ, ಒಬ್ಬರೇ ಇರುವ ರಾತ್ರಿ ಹೊತ್ತಿನಲ್ಲಿ ಆ ಕೆಲಸ ಬೇಡ. ಬೆಳ್ಳಿ ತಂತಿಗೆ ಕ್ಲೋರೈಡ್ ಹಿಡಿಸುವ ಬ್ಲೀಚ್ ಆಮ್ಲಕ್ಕೆ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ದ್ರವ ಸಾರಜನಕದಿಂದ ತೆಗೆದ ಶೀಶೆ ಸಿಡಿಯಬಹುದು, ಮುಖಕ್ಕೆ ಶೀಲ್ಡ್ ಇಲ್ಲದೆ ತೆಗೆಯಬೇಡಿ.

ಯಾವಾಗ ನಿಲ್ಲಿಸಿ ಸಹಾಯ ಕೇಳಬೇಕು

ಮಾಡೆಲ್ ಸೆಲ್‌ನಲ್ಲೇ ತಪ್ಪು ಬಂದರೆ ಆಂಪ್ಲಿಫೈಯರ್ ಬಿಚ್ಚಬೇಡಿ, ಸರ್ವಿಸ್‌ನವರನ್ನು ಕರೆಸಿ. ಟ್ರಾನ್ಸ್‌ಫೆಕ್ಷನ್ ವಾರಗಟ್ಟಲೆ ಕೈಕೊಡುತ್ತಿದ್ದು, ಕೋಶಗಳು ಮಂಕಾಗಿ ಬೆಳೆಯುತ್ತಿದ್ದರೆ ಮೈಕೊಪ್ಲಾಸ್ಮಾ (ಕೋಶಗಳಿಗೆ ತಗಲುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವವರೆಗೆ ಅಳತೆ ನಿಲ್ಲಿಸಿ. ದ್ರಾವಣ, ಉಷ್ಣತೆ, ಎಟಿಪಿ, ಸಂಗಾತಿ ಪ್ರೋಟೀನ್ ಎಲ್ಲ ಸರಿಯಿದ್ದೂ ವ್ಯತ್ಯಾಸ ಉಳಿದರೆ ಪ್ಲಾಸ್ಮಿಡ್ಡನ್ನು ಪೂರ್ತಿ ಸೀಕ್ವೆನ್ಸ್ ಮಾಡಿಸಿ, ಬಯೋಕೆಮಿಸ್ಟ್ರಿ ಬಲ್ಲವರ ಜೊತೆ ಕೂತು ಮಾತಾಡಿ.

ರೋಗಿಯೊಬ್ಬರಲ್ಲಿ ಕಂಡ ಮ್ಯುಟೇಶನ್ ಅಳೆಯುತ್ತಿರುವವರು ಇನ್ನೂ ಒಂದು ಕಡೆ ನಿಲ್ಲಬೇಕು. ಹೆಕ್ ಕೋಶ ಹೃದಯದ ಕೋಶವಲ್ಲ, ಅಲ್ಲಿನ ಸಂಗಾತಿ ಪ್ರೋಟೀನ್‌ಗಳು ಇಲ್ಲಿಲ್ಲ, ಸಾಮಾನ್ಯವಾಗಿ ನಾವು ಅಳೆಯುವುದು 37 ಡಿಗ್ರಿಯಲ್ಲೂ ಅಲ್ಲ. ಕರೆಂಟ್ ಕಡಿಮೆ ಬಂತೆಂದು ಆ ಕುಟುಂಬಕ್ಕೆ ನೇರವಾಗಿ ಹೇಳಬೇಡಿ. ಫಲಿತಾಂಶವನ್ನು ಅವರ ಹೃದ್ರೋಗ ತಜ್ಞರಿಗೆ ಮತ್ತು ಜೆನೆಟಿಕ್ ಕೌನ್ಸೆಲರ್‌ಗೆ ಕೊಡಿ. ಇಸಿಜಿ, ಮನೆಯವರ ಚರಿತ್ರೆ, ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಎಲ್ಲವನ್ನೂ ಒಟ್ಟಿಗಿಟ್ಟು ನೋಡುವವರು ಅವರು.